ತೆರಿಗೆ ಹಾಕಿದ್ದು ಯಾರಿಗೆ, ಕಟ್ಟಿದ್ದು ಯಾರು?

ಕೇಳುಗರಿಗೆ ನಮಸ್ಕಾರ.

2020ರ ಏಪ್ರಿಲ್‌ನಲ್ಲಿ ಬ್ರಿಟನ್ ಒಂದು ಹೊಸ ತೆರಿಗೆ ಜಾರಿಗೆ ತಂದಿತು. ಡಿಜಿಟಲ್ ಸರ್ವಿಸಸ್ ಟ್ಯಾಕ್ಸ್, ಚಿಕ್ಕದಾಗಿ ಡಿಎಸ್‌ಟಿ ಅಂತ ಅದರ ಹೆಸರು. ಸರ್ಚ್ ಎಂಜಿನ್, ಸೋಶಿಯಲ್ ಮೀಡಿಯಾ, ಆನ್‌ಲೈನ್ ಮಾರುಕಟ್ಟೆ, ಈ ಮೂರು ಬಗೆಯ ದೊಡ್ಡ ಕಂಪನಿಗಳು ಬ್ರಿಟನ್ನಿನ ಬಳಕೆದಾರರಿಂದ ಗಳಿಸುವ ಆದಾಯದ ಮೇಲೆ ಶೇ 2 ತೆರಿಗೆ. ಇದು ಯಾರಿಗೆ ಅನ್ವಯ? ಜಗತ್ತಿನಾದ್ಯಂತ ಈ ಸೇವೆಗಳಿಂದ 50 ಕೋಟಿ ಪೌಂಡ್‌ಗಿಂತ ಜಾಸ್ತಿ ಆದಾಯ ಇರಬೇಕು. ಅದರಲ್ಲಿ ಎರಡೂವರೆ ಕೋಟಿಗಿಂತ ಜಾಸ್ತಿ ಬ್ರಿಟನ್ನಿನಿಂದಲೇ ಬಂದಿರಬೇಕು. ಚಿಕ್ಕವರಿಗೆ ತಾಗಲೇಬಾರದು ಅಂತ ಮಿತಿ ಇಟ್ಟು ಬರೆದ ಕಾನೂನು ಇದು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆಜಾನ್, ತನ್ನ ತಾಣದಲ್ಲಿ ಸರಕು ಮಾರುವ ವ್ಯಾಪಾರಿಗಳಿಂದ ಪಡೆಯುವ ಶುಲ್ಕವನ್ನು ಬ್ರಿಟನ್ನಿನಲ್ಲಿ ಶೇ 2ರಷ್ಟು ಏರಿಸಿತು. ನವೆಂಬರ್‌ನಿಂದ ಗೂಗಲ್, ಅಲ್ಲಿ ತೋರಿಸುವ ಜಾಹೀರಾತುಗಳ ಬಿಲ್ಲಿಗೆ ಒಂದು ಹೊಸ ಸಾಲು ಸೇರಿಸಿತು. 100 ಪೌಂಡ್ ಜಾಹೀರಾತಿಗೆ ಇನ್ನೆರಡು ಪೌಂಡ್, ಡಿಎಸ್‌ಟಿ ಶುಲ್ಕ. ತೆರಿಗೆಯ ಹೆಸರು ಅದೇ, ದರವೂ ಅದೇ. ಕಟ್ಟುವವರು ಮಾತ್ರ ಬೇರೆ.

ಇದು ಬ್ರಿಟನ್ನಿನಲ್ಲಿ ಮಾತ್ರ ಆದದ್ದಲ್ಲ. ಫ್ರಾನ್ಸ್ 2019ರಲ್ಲಿ ಶೇ 3 ತೆರಿಗೆ ತಂದಾಗ ಅಲ್ಲಿನ ವ್ಯಾಪಾರಿಗಳಿಗೂ ಅಮೆಜಾನ್ ಶುಲ್ಕ ಶೇ 3ರಷ್ಟು ಏರಿತ್ತು. ಆಸ್ಟ್ರಿಯಾದಲ್ಲಿ ಆನ್‌ಲೈನ್ ಜಾಹೀರಾತಿನ ಮೇಲೆ ಶೇ 5 ತೆರಿಗೆ. ಅಲ್ಲಿ ಗೂಗಲ್ ಬಿಲ್ಲಿಗೆ ಸೇರಿಸಿದ್ದೂ ಶೇ 5.

ಬ್ರಿಟನ್ನಿನ ಕತೆಯಲ್ಲಿ ಇನ್ನೊಂದು ವಿಷಯ ಇದೆ. ನನಗೆ ತುಂಬಾ ಬೇಸರ ತರಿಸಿದ್ದು ಅದೇ. ಬೇರೆಯವರ ಸರಕು ಮಾರಿಸಿಕೊಟ್ಟು ಪಡೆಯುವ ಶುಲ್ಕದ ಮೇಲೆ ಈ ತೆರಿಗೆ ಬೀಳುತ್ತದೆ. ಅಮೆಜಾನ್ ತಾನೇ ಕೊಂಡು ತಾನೇ ಮಾರುವ ಸರಕಿನ ಮೇಲೆ ಬೀಳುವುದಿಲ್ಲ. ಈಗ ನೋಡಿ. ಒಂದೇ ಪರದೆಯ ಮೇಲೆ ಎರಡು ಕೆಟಲ್ ಅಕ್ಕಪಕ್ಕ ಕಾಣುತ್ತಿವೆ. ಒಂದು ಚಿಕ್ಕ ವ್ಯಾಪಾರಿಯದು, ಇನ್ನೊಂದು ಅಮೆಜಾನಿನದೇ. ಹೊಸ ಹೊರೆ ಬಿದ್ದದ್ದು ಮೊದಲನೆಯದರ ಮೇಲೆ. ದೊಡ್ಡವರನ್ನು ಹಿಡಿಯಲು ತಂದ ಕಾನೂನಿನಿಂದ, ದೊಡ್ಡವರ ಜೊತೆ ಪೈಪೋಟಿ ಮಾಡುವವನಿಗೇ ಪೆಟ್ಟು ಬಿತ್ತು.

ಹಾಗಂತ ತೆರಿಗೆ ಹಾಕಿದ್ದೇ ತಪ್ಪಾ? ಖಂಡಿತ ಅಲ್ಲ. ಸರ್ಕಾರಗಳು ಈ ದಾರಿ ಹಿಡಿದದ್ದಕ್ಕೆ ಗಟ್ಟಿ ಕಾರಣ ಇತ್ತು.

ಒಂದು ದೇಶದ ಕಂಪನಿ ಇನ್ನೊಂದು ದೇಶದಲ್ಲಿ ವ್ಯಾಪಾರ ಮಾಡಿದರೆ ತೆರಿಗೆ ಯಾರಿಗೆ? ಈ ಪ್ರಶ್ನೆಗೆ ಇವತ್ತಿಗೂ ನಾವು ಬಳಸುವ ಉತ್ತರ 1920ರ ದಶಕದ್ದು, ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್ ಕಾಲದ್ದು. ಆ ದೇಶದಲ್ಲಿ ನಿಮಗೆ ಕಚೇರಿ, ಕಾರ್ಖಾನೆ, ಗೋದಾಮು ಅಂತ ಒಂದು ಖಾಯಂ ನೆಲೆ ಇದ್ದರೆ ಅಲ್ಲಿ ತೆರಿಗೆ ಕಟ್ಟಬೇಕು, ಇಲ್ಲದಿದ್ದರೆ ಇಲ್ಲ. ಸರಕು ಹಡಗಿನಲ್ಲಿ ಹೋಗುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಕೋಟಿಗಟ್ಟಲೆ ಬಳಕೆದಾರರಿರುವ ದೇಶದಲ್ಲಿ ಒಂದು ಬಾಡಿಗೆ ಕೋಣೆಯೂ ಇಲ್ಲದೆ ವ್ಯಾಪಾರ ಮಾಡಬಹುದು ಅಂತ ಆಗ ಯಾರೂ ಊಹಿಸಿರಲಿಲ್ಲ.

ಇದರ ಜೊತೆಗೆ ಲಾಭವನ್ನು ಕಾಗದದ ಮೇಲೆ ಸಾಗಿಸುವ ಕಲೆ ಬೇರೆ. ಸಾಫ್ಟ್‌ವೇರ್, ಪೇಟೆಂಟ್, ಬ್ರ್ಯಾಂಡ್ ಹೆಸರು, ಇವಕ್ಕೆ ತೂಕ ಇಲ್ಲ. ತೆರಿಗೆ ಕಡಿಮೆ ಇರುವ ದೇಶದಲ್ಲಿ ಇವನ್ನು ನೋಂದಾಯಿಸಿ, ಉಳಿದ ಕಡೆಯ ಗಳಿಕೆಯನ್ನೆಲ್ಲ ರಾಯಲ್ಟಿ ಅಂತ ಅಲ್ಲಿಗೆ ಕಳಿಸಿದರೆ ಮುಗಿಯಿತು. ಆ್ಯಪಲ್ ಕಂಪನಿಯ ಐರ್ಲೆಂಡ್ ಪ್ರಕರಣ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಲಾಭದ ಬಹುಪಾಲನ್ನು ಒಂದು 'ಪ್ರಧಾನ ಕಚೇರಿ'ಯ ಲೆಕ್ಕಕ್ಕೆ ಬರೆಯಲಾಗುತ್ತಿತ್ತು. ಆ ಕಚೇರಿಗೆ ದೇಶ ಇರಲಿಲ್ಲ, ನೌಕರರಿರಲಿಲ್ಲ, ಕಟ್ಟಡವೂ ಇರಲಿಲ್ಲ ಅಂತ ಐರೋಪ್ಯ ಒಕ್ಕೂಟದ ಆಡಳಿತ ಸಂಸ್ಥೆಯಾದ ಐರೋಪ್ಯ ಆಯೋಗ 2016ರಲ್ಲಿ ಹೇಳಿತು. ಆಯೋಗದ ಲೆಕ್ಕದಂತೆ 2014ರಲ್ಲಿ ಬಿದ್ದ ತೆರಿಗೆ ಶೇ 0.005. ಬಿಡಿಸಿ ಹೇಳ್ತೀನಿ, 10 ಲಕ್ಷ ಯೂರೋ ಲಾಭಕ್ಕೆ 50 ಯೂರೋ. ಬಾಕಿ 1,300 ಕೋಟಿ ಯೂರೋ ವಸೂಲಿ ಮಾಡಿ ಅಂತ ಆಯೋಗ ಐರ್ಲೆಂಡಿಗೆ ಆದೇಶ ಕೊಟ್ಟಿತು. ಕೆಳಗಿನ ಕೋರ್ಟು ಅದನ್ನು ರದ್ದು ಮಾಡಿತು. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ಅತ್ಯುನ್ನತ ನ್ಯಾಯಾಲಯ ಆಯೋಗದ ಪರ ತೀರ್ಪು ಕೊಟ್ಟಿತು. ಆದೇಶದಿಂದ ಅಂತಿಮ ತೀರ್ಪಿಗೆ ಎಂಟು ವರ್ಷ ಹಿಡಿಯಿತು.

ಹೀಗಿರುವಾಗ ಸರ್ಕಾರಗಳು ಎಷ್ಟು ದಿನ ಕಾಯಬೇಕು? 2021ರ ಅಕ್ಟೋಬರ್‌ನಲ್ಲಿ 136 ದೇಶಗಳು, ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ ವೇದಿಕೆಯಲ್ಲಿ ಒಂದು ಒಪ್ಪಂದಕ್ಕೆ ಬಂದವು. ಅದರಲ್ಲಿ ಎರಡು ಭಾಗ. 2,000 ಕೋಟಿ ಯೂರೋಗಿಂತ ಜಾಸ್ತಿ ವಹಿವಾಟು ಇರುವ, ಶೇ 10ಕ್ಕಿಂತ ಜಾಸ್ತಿ ಲಾಭ ಮಾಡುವ ಕಂಪನಿಗಳ ಹೆಚ್ಚುವರಿ ಲಾಭದ ಕಾಲು ಭಾಗವನ್ನು ಗ್ರಾಹಕರಿರುವ ದೇಶಗಳಿಗೆ ಹಂಚುವುದು ಮೊದಲನೆಯದು. ಎಲ್ಲೇ ಇದ್ದರೂ ಕನಿಷ್ಠ ಶೇ 15 ತೆರಿಗೆ ಅನ್ನುವುದು ಎರಡನೆಯದು. ಎರಡನೆಯದನ್ನು ಹಲವು ದೇಶಗಳು ಜಾರಿಗೆ ತಂದವು. ಮೊದಲನೆಯದು ನಿಂತೇ ಹೋಯಿತು. 2025ರ ಜನವರಿಯಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ, ಈ ಒಪ್ಪಂದಕ್ಕೆ ಅಮೆರಿಕದಲ್ಲಿ ಯಾವ ಬೆಲೆಯೂ ಇಲ್ಲ ಅಂತ ಆದೇಶ ಹೊರಡಿಸಿದರು.

ಹಾಗಾಗಿ ಒಂದೊಂದು ದೇಶವೂ ತನ್ನ ದಾರಿ ತಾನು ನೋಡಿಕೊಂಡಿತು. ಆ ದಾರಿಯೂ ಸಲೀಸಾಗಿರಲಿಲ್ಲ. ಕೆನಡಾ 2024ರಲ್ಲಿ ಶೇ 3 ಡಿಜಿಟಲ್ ತೆರಿಗೆಯ ಕಾನೂನು ಮಾಡಿತು. ಮೊದಲ ಕಂತು ಕಟ್ಟಲು 2025ರ ಜೂನ್ 30 ಕೊನೆಯ ದಿನ. ಜೂನ್ 27ಕ್ಕೆ ಟ್ರಂಪ್ ಕೆನಡಾ ಜೊತೆಗಿನ ವ್ಯಾಪಾರ ಮಾತುಕತೆ ನಿಲ್ಲಿಸಿದರು. 29ರ ರಾತ್ರಿ ಕೆನಡಾ ತೆರಿಗೆ ಕೈಬಿಟ್ಟಿತು. ಭಾರತ ಈ ವಿಷಯದಲ್ಲಿ ಮೊದಲಿಗರ ಸಾಲಿನಲ್ಲಿತ್ತು. 2016ರಲ್ಲೇ ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲೆ ಶೇ 6, ಆಮೇಲೆ 2020ರಲ್ಲಿ ಇ-ಕಾಮರ್ಸ್ ಮೇಲೆ ಶೇ 2 ಹಾಕಿತ್ತು. 2024ರ ಆಗಸ್ಟ್ ಮತ್ತು 2025ರ ಏಪ್ರಿಲ್‌ನಲ್ಲಿ ಎರಡನ್ನೂ ತೆಗೆಯಿತು. ಇದರಲ್ಲೂ ಒಂದು ಅಂಶ ಗಮನಿಸಿ. ಆ ಶೇ 6ನ್ನು ಕಡಿತ ಮಾಡಿ ಸರ್ಕಾರಕ್ಕೆ ಕಟ್ಟುವ ಕೆಲಸ ಜಾಹೀರಾತು ಕೊಟ್ಟವನದಾಗಿತ್ತು.

ಸರಿ, ತೆರಿಗೆ ಯಾಕೆ ಇಷ್ಟು ಸುಲಭವಾಗಿ ಕೆಳಗೆ ಜಾರುತ್ತದೆ? ಎರಡು ಕಾರಣ ಇವೆ.

ಒಂದು, ಇದು ಲಾಭದ ಮೇಲಿನ ತೆರಿಗೆ ಅಲ್ಲ, ವಹಿವಾಟಿನ ಮೇಲಿನದು. ಲಾಭವನ್ನು ಬೇರೆ ದೇಶದ ಲೆಕ್ಕಕ್ಕೆ ಸಾಗಿಸಿ ಆಗಿದೆ, ಕೈಗೆ ಸಿಗುವುದು ವಹಿವಾಟು ಮಾತ್ರ. ಸರ್ಕಾರಗಳು ಸಿಕ್ಕಿದ್ದನ್ನು ಹಿಡಿದವು. ವಹಿವಾಟಿನ ತೆರಿಗೆ ಪ್ರತಿ ಬಿಲ್ಲಿಗೂ ಅಂಟಿಕೊಂಡೇ ಬರುತ್ತದೆ. ಅದನ್ನು ಗ್ರಾಹಕನಿಗೆ ದಾಟಿಸುವುದು ತುಂಬಾ ಸಲೀಸು. ಜೊತೆಗೆ ಲಾಭ ಎಷ್ಟು ಅಂತ ಅದು ಕೇಳುವುದೂ ಇಲ್ಲ. ತೆರಿಗೆ ಶೇ 3 ಅಂತ ಇಟ್ಟುಕೊಳ್ಳಿ. 100 ಆದಾಯದಲ್ಲಿ 40 ಉಳಿಸುವವನಿಗೂ ಅದೇ 3, ಐದೇ ಉಳಿಸುವವನಿಗೂ ಅದೇ 3. ಐದು ಉಳಿಸುವವನ ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು ಅಲ್ವಾ?

ಎರಡನೆಯ ಕಾರಣವೇ ನನ್ನ ಮಟ್ಟಿಗೆ ಮುಖ್ಯ. ಕಾನೂನಿನಲ್ಲಿ ಯಾರ ಹೆಸರೇ ಇರಲಿ, ತೆರಿಗೆ ಕೊನೆಗೆ ಬೀಳುವುದು ಬೇರೆ ದಾರಿ ಇಲ್ಲದವನ ಮೇಲೆ. ಊರಿಗೆ ಹೋಗುವ ರಸ್ತೆ ಒಂದೇ, ಅದರಲ್ಲಿ ಟೋಲ್ ಗೇಟೂ ಒಂದೇ ಆದರೆ, ಗೇಟಿನವನಿಗೆ ಹಾಕಿದ ತೆರಿಗೆಯನ್ನು ಗಾಡಿಯವರೇ ಕಟ್ಟುತ್ತಾರೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಸರ್ಚ್ ಕ್ಷೇತ್ರದಲ್ಲಿ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ ತೀರ್ಪು ಕೊಟ್ಟರು. ಫೋನು, ಬ್ರೌಸರುಗಳಲ್ಲಿ ತನ್ನ ಸರ್ಚ್ ಮೊದಲಿಗೇ ಕೂತಿರಲಿ ಅಂತ ಗೂಗಲ್ 2021ರಲ್ಲಿ ಕೊಟ್ಟ ಹಣ 2,630 ಕೋಟಿ ಡಾಲರ್. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಪೈಪೋಟಿಯ ಭಯ ಇಲ್ಲದೆ ಗೂಗಲ್ ಜಾಹೀರಾತಿನ ಬೆಲೆ ಏರಿಸಲು ಆಗುತ್ತಿತ್ತು ಅಂತ. ಬಿಲ್ಲಿನಲ್ಲಿ ಶೇ 2 ಸೇರಿಸಿದ್ದನ್ನು ಈ ಮಾತಿನ ಪಕ್ಕ ಇಟ್ಟು ನೋಡಿ. ತೆರಿಗೆಯ ಚರ್ಚೆ, ಏಕಸ್ವಾಮ್ಯದ ಚರ್ಚೆ ಎರಡೂ ಒಂದೇ ಅಂತ ಗೊತ್ತಾಗುತ್ತದೆ. ಸರ್ಕಾರಗಳಲ್ಲಿ ಮಾತ್ರ ಇವೆರಡನ್ನೂ ಬೇರೆ ಬೇರೆ ಇಲಾಖೆಗಳು ನೋಡಿಕೊಳ್ಳುತ್ತವೆ.

ಹಾಗಾದರೆ ಶುಲ್ಕವನ್ನು ದಾಟಿಸಬಾರದು ಅಂತ ಕಾನೂನು ಮಾಡಿದರೆ ಸಾಕಲ್ಲ ಅಂತ ಕೆಲವರು ಕೇಳುತ್ತಾರೆ. ಸಾಲದು. ದಕ್ಷಿಣ ಕೊರಿಯಾದ ಅನುಭವ ನೋಡಿ. ಆ್ಯಪ್ ಸ್ಟೋರ್‌ಗಳು ತಮ್ಮದೇ ಪಾವತಿ ವ್ಯವಸ್ಥೆ ಬಳಸಿ ಅಂತ ಒತ್ತಾಯ ಮಾಡುವ ಹಾಗಿಲ್ಲ ಅಂತ 2021ರಲ್ಲಿ ಅಲ್ಲಿ ಕಾನೂನು ಬಂತು. ಜಗತ್ತಿನಲ್ಲೇ ಮೊದಲ ಅಂಥ ಕಾನೂನು. ಆ್ಯಪಲ್ ಒಪ್ಪಿಕೊಂಡಿತು, ಬೇರೆ ಪಾವತಿ ವ್ಯವಸ್ಥೆಗೆ ಬಿಟ್ಟಿತು. ಆದರೆ ಆ ದಾರಿಯಲ್ಲಿ ಬಂದ ಹಣದಲ್ಲೂ ಶೇ 26 ಕಮಿಷನ್ ಕೇಳಿತು. ಮೊದಲಿದ್ದದ್ದು ಶೇ 30. ಹೊರಗಿನ ಪಾವತಿ ಸಂಸ್ಥೆಗೆ ಕೊಡಬೇಕಾದ ಶುಲ್ಕವನ್ನು ಇದರ ಮೇಲೆ ಸೇರಿಸಿ. ಉಳಿತಾಯ ಎಲ್ಲಿ? ಅಮೆರಿಕದಲ್ಲೂ, ಎಪಿಕ್ ಗೇಮ್ಸ್ ಅನ್ನುವ ಗೇಮ್ ಕಂಪನಿ ಹೂಡಿದ ಪ್ರಕರಣದಲ್ಲಿ ಹೊರಗಿನ ಪಾವತಿಗೆ ಲಿಂಕ್ ಹಾಕಲು ಬಿಡಿ ಅಂತ ಕೋರ್ಟು ಹೇಳಿದ ಮೇಲೆ ಆ್ಯಪಲ್ ಶೇ 27 ಇಟ್ಟಿತು. 2025ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರೋಜರ್ಸ್, ಕಂಪನಿ ಬೇಕೆಂದೇ ಆದೇಶ ಮೀರಿದೆ ಅಂತ ಹೇಳಿದರು. ಒಂದು ಹೆಸರಿನ ಶುಲ್ಕ ನಿಲ್ಲಿಸಿದರೆ ಇನ್ನೊಂದು ಹೆಸರಿನಲ್ಲಿ ಬರುತ್ತದೆ. ಗೇಟು ಒಂದೇ ಇರುವ ತನಕ ಇದು ನಿಲ್ಲುವುದಿಲ್ಲ.

ದೊಡ್ಡ ಲೆಕ್ಕಾಚಾರದಲ್ಲಿ ಚಿಕ್ಕವರು ಸಿಕ್ಕಿಹಾಕಿಕೊಂಡದ್ದಕ್ಕೆ ಇನ್ನೊಂದು ಉದಾಹರಣೆ ಕೊಡಲೇಬೇಕು. ಇದು ಅಮೆರಿಕದ ತೆರಿಗೆ ಸಂಹಿತೆಯ 174ನೇ ಸೆಕ್ಷನ್. ಸಾಫ್ಟ್‌ವೇರ್ ಕಂಪನಿ ನಡೆಸುವವರ ಬಾಯಲ್ಲಿ ಈ ಸಂಖ್ಯೆ ಮೂರು ವರ್ಷ ಓಡಾಡಿತು. 2017ರಲ್ಲಿ ಕಂಪನಿ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿದರು. ಅದರಿಂದ ಆಗುವ ನಷ್ಟವನ್ನು ಕಾಗದದ ಮೇಲೆ ಸರಿದೂಗಿಸಲು ಒಂದು ನಿಯಮ ಸೇರಿಸಿದರು. 2022ರಿಂದ ಸಾಫ್ಟ್‌ವೇರ್ ಬರೆಸುವ ಖರ್ಚನ್ನು ಆಯಾ ವರ್ಷವೇ ಪೂರ್ತಿ ಕಳೆಯುವ ಹಾಗಿಲ್ಲ, ಐದು ವರ್ಷಕ್ಕೆ ಹಂಚಬೇಕು. ಕೆಲಸ ಹೊರದೇಶದಲ್ಲಿ ಆಗಿದ್ದರೆ 15 ವರ್ಷಕ್ಕೆ. ಜಾರಿಯಾಗುವ ಮೊದಲೇ ಇದನ್ನು ತೆಗೆದು ಹಾಕುತ್ತಾರೆ ಅಂತ ಎಲ್ಲರೂ ನಂಬಿದ್ದರು. ಯಾರೂ ತೆಗೆಯಲಿಲ್ಲ.

ಒಂದು ಚಿಕ್ಕ ಕಂಪನಿ ಇದೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 10 ಲಕ್ಷ ಡಾಲರ್ ಆದಾಯ, ಅಷ್ಟೂ ಪ್ರೋಗ್ರಾಮರ್‌ಗಳ ಸಂಬಳಕ್ಕೆ ಹೋಗುತ್ತದೆ. ಕೈಯಲ್ಲಿ ಉಳಿದದ್ದು ಸೊನ್ನೆ. ಆದರೆ ಹೊಸ ನಿಯಮದಂತೆ ಮೊದಲ ವರ್ಷ ಕಳೆಯಬಹುದಾದ್ದು ಆ ಖರ್ಚಿನ ಶೇ 10 ಮಾತ್ರ, ಒಂದು ಲಕ್ಷ. ಉಳಿದ ಒಂಬತ್ತು ಲಕ್ಷ ಲಾಭ ಅಂತ ಲೆಕ್ಕ. ಅದಕ್ಕೆ ಶೇ 21 ತೆರಿಗೆ, 1,89,000 ಡಾಲರ್. ಇಲ್ಲದ ಲಾಭಕ್ಕೆ ಎಲ್ಲಿಂದ ತಂದು ಕಟ್ಟಬೇಕು? ದೊಡ್ಡ ಕಂಪನಿಗೆ ಇದು ಒಂದೆರಡು ವರ್ಷದ ಹೊಂದಾಣಿಕೆ. ಬ್ಯಾಂಕಿನಲ್ಲಿ ಹಣ ಇದೆ, ಮುಂದಿನ ವರ್ಷಗಳಲ್ಲಿ ಕಳೆದುಕೊಳ್ಳಬಹುದು. ಚಿಕ್ಕವರಿಗೆ ಅದು ಇಬ್ಬರು ಕೆಲಸಗಾರರ ಸಂಬಳ. 2025ರ ಜುಲೈಯಲ್ಲಿ ಬಂದ ಹೊಸ ಕಾನೂನು ದೇಶದೊಳಗಿನ ಖರ್ಚಿಗೆ ಹಳೆಯ ಪದ್ಧತಿಯನ್ನೇ ತಂದಿತು. ಚಿಕ್ಕ ಕಂಪನಿಗಳಿಗೆ ಹಿಂದಿನ ವರ್ಷಗಳ ಲೆಕ್ಕ ತಿದ್ದಿ ಹಣ ವಾಪಸ್ ಕೇಳಲು ಅವಕಾಶ ಕೊಟ್ಟಿತು. ಆ ನಡುವೆ ಬಾಗಿಲು ಮುಚ್ಚಿದವರಿಗೆ ಅದು ಯಾವ ಪ್ರಯೋಜನಕ್ಕೆ? ಹೊರದೇಶದ ಕೆಲಸಕ್ಕೆ 15 ವರ್ಷದ ನಿಯಮ ಹಾಗೇ ಇದೆ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಕಾನೂನೂ ಬೇಡ ತೆರಿಗೆಯೂ ಬೇಡ ಅನ್ನುವವರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಯಾವ ಕಾನೂನೂ ಇಲ್ಲದಾಗ ಇದ್ದ ದರವೇ ಆ್ಯಪ್ ಸ್ಟೋರಿನ ಆ ಶೇ 30. ನಾನು ಕೇಳುವುದು ಕ್ರಮ ಬದಲಾಗಲಿ ಅಂತ. ಮೊದಲು ಗೇಟು ತೆರೆಯಲಿ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಕಾನೂನು ಆ ಕೆಲಸಕ್ಕೆ ಕೈ ಹಾಕಿದೆ. ದೊಡ್ಡ ಕಂಪನಿಗಳನ್ನು ಹೆಸರಿಸಿ, 2024ರ ಮಾರ್ಚ್‌ನಿಂದ ಅವುಗಳ ಮೇಲೆ ನೇರ ಕಟ್ಟುಪಾಡು ಹಾಕಿದೆ. ಮೀರಿದರೆ ಜಾಗತಿಕ ವಹಿವಾಟಿನ ಶೇ 10ರ ತನಕ ದಂಡ. 2025ರ ಏಪ್ರಿಲ್‌ನಲ್ಲಿ ಆ್ಯಪಲ್‌ಗೆ 50 ಕೋಟಿ ಯೂರೋ, ಮೆಟಾಗೆ 20 ಕೋಟಿ ಯೂರೋ ದಂಡ ಬಿತ್ತು. ಅವುಗಳ ಗಾತ್ರಕ್ಕೆ ಇದು ಚಿಕ್ಕ ಮೊತ್ತವೇ. ಆದರೂ ವ್ಯಾಪಾರಿಗೆ ಬೇರೆ ದಾರಿ ಇದೆ ಅನ್ನುವ ಸ್ಥಿತಿ ಬಂದರೆ, ಬಿಲ್ಲಿನಲ್ಲಿ ಸುಮ್ನೆ ಒಂದು ಸಾಲು ಸೇರಿಸುವುದು ಅಷ್ಟು ಸುಲಭ ಇರುವುದಿಲ್ಲ.

ತೆರಿಗೆ ಲಾಭದ ಮೇಲೇ ಬೀಳಬೇಕು. ಅದಕ್ಕೆ ಲಾಭ ಎಲ್ಲಿದೆ ಅಂತ ಕಾಣಬೇಕು. ಯಾವ ದೇಶದಲ್ಲಿ ಎಷ್ಟು ನೌಕರರು, ಎಷ್ಟು ಆದಾಯ, ಎಷ್ಟು ಲಾಭ, ಎಷ್ಟು ತೆರಿಗೆ ಅಂತ ದೊಡ್ಡ ಕಂಪನಿಗಳು ಸಾರ್ವಜನಿಕವಾಗಿ ಹೇಳಬೇಕು ಅನ್ನುವ ನಿಯಮವನ್ನು ಐರೋಪ್ಯ ಒಕ್ಕೂಟವೂ ಆಸ್ಟ್ರೇಲಿಯಾವೂ ತಂದಿವೆ. ವಿಶ್ವಸಂಸ್ಥೆಯಲ್ಲಿ ಹೊಸ ತೆರಿಗೆ ಒಡಂಬಡಿಕೆಯ ಮಾತುಕತೆ ನಡೆಯುತ್ತಿದೆ. ಅದನ್ನು ಮುಗಿಸಲು ಇಟ್ಟುಕೊಂಡ ಗುರಿ 2027. ಅಮೆರಿಕ ಈಗಾಗಲೇ ಎದ್ದು ಹೋಗಿದೆ. ಉಳಿದವರು ಮುಂದುವರಿಸಿದ್ದಾರೆ.

ಬ್ರಿಟನ್ನಿನ ತೆರಿಗೆ ಮೊದಲ ವರ್ಷ 35.8 ಕೋಟಿ ಪೌಂಡ್ ತಂದಿತು. ಅದರ ಶೇ 90ರಷ್ಟನ್ನು ಐದೇ ಕಂಪನಿ ಸಮೂಹಗಳು ಕಟ್ಟಿದವು ಅಂತ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ವರದಿ ಮಾಡಿತು. ಸರ್ಕಾರದ ಪುಸ್ತಕದಲ್ಲಿ ಹಾಗೆ ಬರೆದಿದೆ. ಆ ಐವರು ಅದರಲ್ಲಿ ಎಷ್ಟನ್ನು ಯಾರಿಂದ ವಸೂಲಿ ಮಾಡಿಕೊಂಡರು ಅನ್ನುವುದಕ್ಕೂ ಅದೇ ಪುಸ್ತಕದಲ್ಲಿ ಒಂದು ಕಲಂ ಇರಬೇಕು. ಇಂಥ ತೆರಿಗೆ ಹಾಕಿದ ಪ್ರತಿ ಸರ್ಕಾರವೂ ವರ್ಷ ವರ್ಷ ಆ ಅಂಕಿ ಕೊಡಲಿ.

ನಮಸ್ಕಾರ.