ಚಿತ್ರೀಕರಣಕ್ಕೆ ಹೊರಡುವ ಮುನ್ನ

ಕೇಳುಗರಿಗೆ ನಮಸ್ಕಾರ. ಸಿನಿಮಾ ಕಲಿಯುವ ವಿದ್ಯಾರ್ಥಿಗಳು ಓದು ಮುಗಿಸುವ ಹೊತ್ತಿಗೆ ಹತ್ತು ಹದಿನೈದು ನಿಮಿಷದ ಕಿರುಚಿತ್ರವೊಂದನ್ನು ತೆಗೆಯುತ್ತಾರೆ. ಅವರ ಚಿತ್ರಕಥೆಗಳನ್ನು ಓದುವ, ಅವರೊಡನೆ ಹೋಗಿ ಚಿತ್ರೀಕರಣದ ಜಾಗಗಳನ್ನು ನೋಡಿಬರುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಬಜೆಟ್ಟು, ಶಾಟ್‌ಗಳ ಪಟ್ಟಿ, ಊಟತಿಂಡಿಯ ಲೆಕ್ಕ, ಎಲ್ಲವನ್ನೂ ಅವರು ಅಚ್ಚುಕಟ್ಟಾಗಿ ಬರೆದು ತರುತ್ತಾರೆ. ಇದರಲ್ಲಿ ಯಾರಿಗಾದರೂ ಪೆಟ್ಟಾಗಬಹುದಾದ ದೃಶ್ಯ ಯಾವುದು ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಚಿತ್ರಕಥೆ ಇನ್ನೂ ಕಾಗದದ ಮೇಲಿರುವಾಗಲೇ ಆ ಪ್ರಶ್ನೆಗೆ ಉತ್ತರ ಬರೆದಿಡಬೇಕು ಎಂಬುದನ್ನೇ ನಾನು ಇಂದು ನಿಮ್ಮ ಮುಂದೆ ಹೇಳಬಯಸುತ್ತೇನೆ.

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಸುಲ್ತಾನನ ಕುರಿತ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿಕೊಂಡು 62 ಜನ ತೀರಿಕೊಂಡರು. ಗೋಡೆಗೆ ಗೋಣಿತಟ್ಟು ಹೊದಿಸಿತ್ತು, ವೈರುಗಳು ಸಡಿಲವಾಗಿದ್ದವು, ಗಾಳಿಗೆ ದಾರಿಯಿರಲಿಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಸಾಹಸ ಕಲಾವಿದರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ ಸಾಹಸ ದೃಶ್ಯಕ್ಕೆ ಕ್ರೇನ್ ಮತ್ತು ಲೋಹದ ಹಗ್ಗ ಬಳಸುತ್ತಿದ್ದಾಗ ಹೈಟೆನ್ಷನ್ ತಂತಿಯ ವಿದ್ಯುತ್ ತಗಲಿ ಯುವ ಸಾಹಸ ಕಲಾವಿದರೊಬ್ಬರು ಸತ್ತರು. ಗೋಣಿತಟ್ಟು, ನೀರಿನ ಆಳ, ತಲೆಯ ಮೇಲಿನ ತಂತಿ, ಈ ಮೂರೂ ಹಿಂದಿನ ದಿನವೇ ಕಣ್ಣಿಗೆ ಕಾಣುತ್ತಿದ್ದ ಸಂಗತಿಗಳು ಎಂಬುದನ್ನು ನೆನೆದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಕಸುಬು ಬಲ್ಲವರ ತಂಡಗಳಲ್ಲೇ ಹೀಗಾದಾಗ ವಿದ್ಯಾರ್ಥಿಗಳ ಪಾಡನ್ನು ಬೇರೆಯಾಗಿಯೇ ಯೋಚಿಸಬೇಕು. ಅಲ್ಲಿ ನಿರ್ದೇಶಕನೂ ಲೈಟ್ ಹಿಡಿಯುವವನೂ ಒಂದೇ ಬೆಂಚಿನ ಗೆಳೆಯರು. ಕ್ಯಾಮೆರಾವನ್ನು ಸಂಜೆಯೊಳಗೆ ಹಿಂತಿರುಗಿಸಬೇಕು, ಬೆಳಕು ಇಳಿಯುತ್ತಿದೆ, ಇನ್ನೊಂದು ಟೇಕ್ ಬಾಕಿಯಿದೆ. ಅಂಥ ಹೊತ್ತಿನಲ್ಲಿ ಗೆಳೆಯನ ಮಾತಿಗೆ ಆಗುವುದಿಲ್ಲ ಎನ್ನುವುದು ಇಪ್ಪತ್ತರ ವಯಸ್ಸಿನವರಿಗೆ ಸುಲಭವಲ್ಲ. ಆದ್ದರಿಂದಲೇ ಚಿತ್ರಕಥೆಯ ಕೊನೆಯ ಪ್ರತಿ ಸಿದ್ಧವಾದ ದಿನ ತಂಡದವರೆಲ್ಲ ಕೂತು, ಕೆಂಪು ಪೆನ್ಸಿಲ್ ಹಿಡಿದು, ನೀರು, ಎತ್ತರ, ಬೆಂಕಿ, ವಾಹನ, ಆಯುಧ ಎಂಬ ಮಾತು ಬಂದಲ್ಲೆಲ್ಲ ಗೆರೆ ಎಳೆಯಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಗೆರೆ ಬೀಳದೆ ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ವಿದ್ಯುತ್ತು. ಮನೆಯ ಹಾಲ್‌ನಲ್ಲಿ ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಅಪಾಯವೇನು ಎಂದು ಮಕ್ಕಳು ಕೇಳುತ್ತಾರೆ. ನಮ್ಮಲ್ಲಿ ಬೇಬಿ ಎಂದು ಕರೆಯುವ 1,000 ವ್ಯಾಟ್‌ನ ಲೈಟು 230 ವೋಲ್ಟಿನಲ್ಲಿ 4 ಆಂಪಿಯರಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ಅಂಥ ಎರಡನ್ನು ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ, ಅದನ್ನು ಮನೆಯ 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ ಅದು ತಾಳಬೇಕಾದದ್ದಕ್ಕಿಂತ ಹೆಚ್ಚಿನ ಹೊರೆ ಬೀಳುತ್ತದೆ. ಒಮ್ಮೆ ಹಾಗೆ ಹಾಕಿದ್ದ ಪ್ಲಗ್ಗನ್ನು ನಾನು ಮುಟ್ಟಿ ನೋಡಿದಾಗ ಅದು ಮೇಣದಂತೆ ಮೆತ್ತಗಾಗಿತ್ತು, ಪಿನ್ನಿನ ಬುಡ ಕಂದಿ ಕಪ್ಪಾಗಿತ್ತು, ವಾಸನೆಯನ್ನು ಮಾತ್ರ ಯಾರೂ ಗಮನಿಸಿರಲಿಲ್ಲ. ಸುರುಳಿ ಸುತ್ತಿಟ್ಟ ವೈರು ಒಳಗೊಳಗೇ ಕಾಯುವುದರಿಂದ ಅದನ್ನು ಪೂರ್ತಿ ಬಿಚ್ಚಿ ಹಾಸಬೇಕು. ಒಂದೊಂದು ಲೈಟಿಗೂ ಬೇರೆ ಸಾಕೆಟ್ಟು, ಅದೂ 16 ಆಂಪಿಯರಿನದು ಸಿಕ್ಕರೆ ಒಳ್ಳೆಯದು. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ತಾನಾಗಿಯೇ ಅದನ್ನು ಕಡಿಯುವ ಸ್ವಿಚ್ಚು, ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟ್ ಹೋಗುತ್ತದೆಯೇ ಎಂದು ಜಾಗ ನೋಡಲು ಹೋದ ದಿನವೇ ಪರೀಕ್ಷಿಸಬೇಕು. ಪರದೆಗೂ ಲೈಟಿಗೂ ನಡುವೆ ಸಾಕಷ್ಟು ಅಂತರವಿರಲಿ, ಸ್ಟ್ಯಾಂಡಿನ ಕಾಲಿನ ಮೇಲೆ ಮರಳಿನ ಚೀಲವಿರಲಿ.

ನೀರಿನ ಮಾತು ಇನ್ನೂ ಕಠಿಣ. ಬೆಂಗಳೂರಿನ ಸುತ್ತ ಮಳೆನೀರು ನಿಂತ ಹಳೆಯ ಕಲ್ಲುಕ್ವಾರಿಗಳು ಕ್ಯಾಮೆರಾಕ್ಕೆ ಬಹಳ ಸುಂದರವಾಗಿ ಕಾಣುತ್ತವೆ. ಆದರೆ ಅಲ್ಲಿ ಕೆರೆಯಂತೆ ಮೆಲ್ಲಗೆ ಇಳಿಯುವ ದಂಡೆಯಿಲ್ಲ, ಒಂದು ಹೆಜ್ಜೆ ತಪ್ಪಿದರೆ ಕಾಲಿಗೆ ನೆಲ ಸಿಗುವುದಿಲ್ಲ. ಮುತ್ತತ್ತಿಯಲ್ಲೂ ಮೇಕೆದಾಟಿನಲ್ಲೂ ಕಾವೇರಿ ಮೇಲ್ನೋಟಕ್ಕೆ ಶಾಂತವಾಗಿದ್ದು ಬಂಡೆಗಳ ನಡುವೆ ಸುಳಿ ಇಟ್ಟುಕೊಂಡಿರುತ್ತಾಳೆ. ನೀರಿನ ಅಂಚಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ, ಬೂಮ್ ಮೈಕ್ ಹಿಡಿದವರೂ ಸೇರಿ, ಲೈಫ್ ಜಾಕೆಟ್ ತೊಟ್ಟಿರಬೇಕು. ಆ ನೀರನ್ನು ಬಲ್ಲ ಊರಿನ ಈಜುಗಾರರೊಬ್ಬರು ಹಗ್ಗ ಹಿಡಿದು ನಿಂತಿರಬೇಕು, ಅವರಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು. ಇಷ್ಟು ಆಗದಿದ್ದರೆ ದೃಶ್ಯವನ್ನೇ ಬದಲಿಸಬೇಕು.

ರೈಲು ಹಳಿಯ ದೃಶ್ಯವಿದ್ದರೆ ನಾನು ಚರ್ಚೆಗೇ ಹೋಗುವುದಿಲ್ಲ. ಅನುಮತಿಯಿಲ್ಲದೆ ಹಳಿಗಿಳಿಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ. 2014ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಪ್ಪಿಗೆ ಪಡೆಯದೆ ರೈಲು ಸೇತುವೆಯ ಮೇಲೆ ಚಿತ್ರೀಕರಿಸುತ್ತಿದ್ದ ತಂಡದ ಮೇಲೆ ಗಾಡಿ ಬಂದು, ಸಾರಾ ಜೋನ್ಸ್ ಎಂಬ 27ರ ವಯಸ್ಸಿನ ಕ್ಯಾಮೆರಾ ಸಹಾಯಕಿ ಪ್ರಾಣ ಕಳೆದುಕೊಂಡಳು. ಆಟಿಕೆಯ ಪಿಸ್ತೂಲಾದರೂ ಬಯಲಿನಲ್ಲಿ ತೆಗೆಯುವ ಮೊದಲು ಪೊಲೀಸ್ ಠಾಣೆಗೆ ತಿಳಿಸಿರಬೇಕು.

ಇನ್ನು, ನಿಲ್ಲಿಸುವ ಅಧಿಕಾರ ಯಾರದು? ಅದು ನಿರ್ದೇಶಕರದಾಗಬಾರದು, ಛಾಯಾಗ್ರಾಹಕರದೂ ಆಗಬಾರದು, ಏಕೆಂದರೆ ಅವರಿಬ್ಬರ ಮನಸ್ಸೂ ಶಾಟಿನಲ್ಲೇ ಇರುತ್ತದೆ, ಇರಲೂಬೇಕು. ತಂಡದಲ್ಲೊಬ್ಬರನ್ನು ಮೊದಲೇ ಹೆಸರಿಸಿ, ಅವರು ನಿಲ್ಲಿ ಎಂದರೆ ಕಾರಣ ಕೇಳದೆ ಎಲ್ಲರೂ ನಿಲ್ಲಬೇಕೆಂದು ಬರೆದು ಎಲ್ಲರ ಸಹಿ ಪಡೆಯಬೇಕು. ಅದೇ ಹಾಳೆಯಲ್ಲಿ ರಾತ್ರಿಯೂ ತೆರೆದಿರುವ ಹತ್ತಿರದ ಆಸ್ಪತ್ರೆ, 112 ಮತ್ತು 108ಕ್ಕೆ ಕರೆ ಮಾಡಿದಾಗ ಹೇಳಬೇಕಾದ ದಾರಿಯ ಗುರುತು, ಯಾರಿಗೆ ಉಬ್ಬಸವಿದೆ, ಯಾರಿಗೆ ಯಾವ ಮಾತ್ರೆ ಒಗ್ಗುವುದಿಲ್ಲ ಎಂಬುದು ಇರಲಿ. ಒಂದು ವಾಹನ ಖಾಲಿ ನಿಂತಿರಲಿ, ಅದರ ಕೀಲಿ ಯಾರ ಜೇಬಿನಲ್ಲಿದೆಯೆಂದು ಎಲ್ಲರಿಗೂ ಗೊತ್ತಿರಲಿ. ದಿನದ ಮೊದಲ ಶಾಟಿಗೆ ಮುನ್ನ ಈ ಹಾಳೆಯನ್ನು ಗಟ್ಟಿಯಾಗಿ ಓದಲು ಐದು ನಿಮಿಷ ಸಾಕು. ಹನ್ನೆರಡು ಗಂಟೆ ದುಡಿದವರು ನಡುರಾತ್ರಿ ಬೈಕ್ ಓಡಿಸಿಕೊಂಡು ಮನೆಗೆ ಹೋಗಬಾರದೆಂಬ ಸಾಲೂ ಅದರಲ್ಲಿರಬೇಕು. ಆ ಸಾಲನ್ನು ಮಕ್ಕಳು ಮರೆಯುವುದೇ ಹೆಚ್ಚು.

ಕೆಲವು ವರ್ಷಗಳ ಹಿಂದೆ ಒಂದು ತಂಡದ ಚಿತ್ರಕಥೆಯಲ್ಲಿ, ಹುಡುಗಿಯೊಬ್ಬಳು ಮುಸ್ಸಂಜೆಯಲ್ಲಿ ಹಾಳುಬಾವಿಯ ಕಟ್ಟೆಯ ಮೇಲೆ ಕೂತು ಒಳಗೆ ಬಗ್ಗಿ ನೋಡುವ ದೃಶ್ಯವಿತ್ತು. ಜಾಗ ನೋಡಲು ಹೋದಾಗ ಕಟ್ಟೆಯ ಕಲ್ಲಿನ ಮೇಲೆ ಕೈಯೂರಿದೆ. ಅದು ಹಾಲುಹಲ್ಲಿನಂತೆ ಅಲುಗಾಡಿತು. ನಿರ್ದೇಶಕಿಯ ಕಣ್ಣಲ್ಲಿ ನೀರು ಬಂತು, ಆದರೂ ಹಾಳೆಯಲ್ಲಿ ಆ ದೃಶ್ಯದ ಮುಂದೆ ಅಡ್ಡಗೆರೆ ಎಳೆದಳು. ಮಾರನೆಯ ವಾರ ತಂಡದವರು ಕಾಲೇಜಿನ ಅಂಗಳದಲ್ಲಿ ಆ ಹುಡುಗಿಯನ್ನು ನೆಲದ ಮೇಲೆ ಕೂರಿಸಿ, ಎದುರಿಗೊಂದು ನೀರು ತುಂಬಿದ ಹಿತ್ತಾಳೆ ತಟ್ಟೆ ಇಟ್ಟು, ಅದಕ್ಕೆ ಲೈಟು ಬಿಟ್ಟರು. ನೀರಿನ ಬೆಳಕು ಅವಳ ಮುಖದ ಮೇಲೆ ಅಲೆಯಾಡಿತು. ಧ್ವನಿಮುದ್ರಣ ಮಾಡುವ ಹುಡುಗ ರಾಟೆಯ ಕಿರುಗುಟ್ಟುವಿಕೆಯನ್ನೂ ಕಲ್ಲು ನೀರಿಗೆ ಬಿದ್ದ ಸದ್ದನ್ನೂ ಸೇರಿಸಿದ. ಪರದೆಯ ಮೇಲೆ ಆ ಬಾವಿ ನಾನು ಕಂಡದ್ದಕ್ಕಿಂತ ಆಳವಾಗಿತ್ತು.