ಹ್ಯಾರಿಸನ್ ಪಕ್ಕಕ್ಕೆ ತಿರುಗಿದಾಗ ಕಂಡ ಆರು ಬಿರಡೆ

ಬೇರೆ ಗಿಟಾರ್‌ಗಳ ವಿಷಯ ಬಂದರೆ ಸಂಗೀತಗಾರರು ನಾದದಿಂದ ಮಾತು ಶುರು ಮಾಡ್ತಾರೆ. ಅಮೆರಿಕದ ರಿಕನ್‌ಬ್ಯಾಕರ್ ಕಂಪನಿಯ ಗಿಟಾರ್ ಅಂದರೆ ಮಾತ್ರ ಹಾಗಲ್ಲ. ಎಲ್ಲಿ ನೋಡಿದ್ದು, ಯಾರ ಕೈಯಲ್ಲಿ ನೋಡಿದ್ದು, ಟಿವಿಯಲ್ಲೋ ಸಿನಿಮಾದಲ್ಲೋ, ಅಲ್ಲಿಂದಲೇ ಶುರು. ಮೊದಲು ಕಣ್ಣು, ಆಮೇಲೆ ಕಿವಿ. ಕೊಂಬಿನ ಹಾಗೆ ಬಾಗಿದ ಆ ಮೈ, ಓರೆಯಾಗಿ ಸೀಳಿದ ಸೌಂಡ್ ಹೋಲ್, ಕುತ್ತಿಗೆ ತುದಿಯಲ್ಲಿ ದೊಡ್ಡದಾಗಿ ಬರೆದ ಹೆಸರು. ಒಂದು ಸಲ ನೋಡಿದವರು ಮರೆಯಲ್ಲ.

ನನ್ನ ತಕರಾರು ಇಲ್ಲೇ ಇದೆ. ಈ ಮೊದಲ ನೋಟದ ನೆನಪುಗಳನ್ನ ನಂಬಿ ಗಿಟಾರ್ ಕೊಳ್ಳೋರು ಬಹಳ ಜನ. ಕೊಂಡು ತಂದು, ಆಂಪ್‌ಗೆ (ಸದ್ದು ಹೆಚ್ಚಿಸೋ ಪೆಟ್ಟಿಗೆ) ಚುಚ್ಚಿ, ಒಂದು ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳು) ಬಾರಿಸಿ, ಇದೇನು, ಆ ನಾದ ಎಲ್ಲಿ ಅಂತ ತಲೆ ಕೆರ್ಕೊಳ್ತಾರೆ. ಅವರು ನೋಡಿದ್ದು ಗಿಟಾರನ್ನ. ಕೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಯಾರಾಗಿದ್ದು ಸ್ಟುಡಿಯೋದಲ್ಲಿ. ಮೊದಲ ನೋಟದಲ್ಲೇ ನೋಡಬೇಕಾದ್ದನ್ನ ಸರಿಯಾಗಿ ನೋಡಿದವರು ಅಂತ ನಾನು ಒಪ್ಪೋದು ಒಬ್ಬರನ್ನ: ರಾಜರ್ ಮೆಗ್ವಿನ್.

1964. ಲಾಸ್ ಏಂಜಲೀಸ್. ಆಗ ಅವರ ಹೆಸರು ಇನ್ನೂ ಜಿಮ್ ಮೆಗ್ವಿನ್. ಶಿಕಾಗೋದಲ್ಲಿ ಜಾನಪದ ಸಂಗೀತ ಕಲಿತವರು, ಬ್ಯಾಂಜೋ ಬಲ್ಲವರು, ಅಕೂಸ್ಟಿಕ್ ಹನ್ನೆರಡು ತಂತಿ ಗಿಟಾರ್ ಆಗಲೇ ನುಡಿಸ್ತಿದ್ದವರು. ಮುಂದೆ ‘ಬರ್ಡ್ಸ್’ ಅಂತ ಹೆಸರಾದ ಗೆಳೆಯರ ಜತೆ ಬೀಟಲ್ಸ್‌ನ ಮೊದಲ ಸಿನಿಮಾ ‘ಎ ಹಾರ್ಡ್ ಡೇಸ್ ನೈಟ್’ ನೋಡೋಕೆ ಹೋದ್ರು. ಬೀಟಲ್ಸ್‌ನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಕೈಯಲ್ಲಿದ್ದದ್ದು ಮುಂದಿನಿಂದ ನೋಡಿದ್ರೆ ಮಾಮೂಲಿ ಆರು ತಂತಿಯದು ಅನ್ನಿಸುತ್ತೆ. ಹ್ಯಾರಿಸನ್ ಪಕ್ಕಕ್ಕೆ ತಿರುಗಿದ್ರು. ಹೆಡ್‌ಸ್ಟಾಕ್, ಅಂದ್ರೆ ಕುತ್ತಿಗೆ ತುದಿಯ ತಲೆಯ ಹಿಂದೆ ಇನ್ನೂ ಆರು ಬಿರಡೆ ಚಾಚಿಕೊಂಡಿದ್ದವು. ಈ ಸಂಗತಿಯನ್ನ ಮೆಗ್ವಿನ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಅವರು ಕಂಡದ್ದು ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯ ಹನ್ನೆರಡು ತಂತಿ ಗಿಟಾರ್‌ನಲ್ಲಿ ಒಂದೊಂದು ಬದಿಗೆ ಆರಾರು ಬಿರಡೆ ಸಾಲಾಗಿ ಕೂರಿಸ್ತಾರೆ. ಹಾಗಾಗಿ ತಲೆ ಉದ್ದ ಆಗುತ್ತೆ, ಭಾರ ಆಗುತ್ತೆ, ಬೆಲ್ಟ್ ಹಾಕ್ಕೊಂಡು ನಿಂತರೆ ಕುತ್ತಿಗೆ ನೆಲದ ಕಡೆ ವಾಲುತ್ತೆ. ರಿಕನ್‌ಬ್ಯಾಕರ್‌ನವರು ಆರು ಬಿರಡೆಗಳನ್ನ ಎಂದಿನಂತೆ ಬದಿಗೆ ಇಟ್ರು. ಉಳಿದ ಆರನ್ನ ಕ್ಲಾಸಿಕಲ್ ಗಿಟಾರ್‌ನಲ್ಲಿ ಇರೋ ಹಾಗೆ ಹಿಂದಕ್ಕೆ ತಿರುಗಿಸಿ, ಅವುಗಳ ತಂತಿ ಸುತ್ತೋಕೆ ತಲೆಯ ಮುಖದಲ್ಲಿ ಉದ್ದುದ್ದ ಕಚ್ಚು ತೋಡಿದ್ರು. ಹನ್ನೆರಡು ತಂತಿ, ಆದರೆ ತಲೆ ಆರು ತಂತಿಯ ಗಿಟಾರ್‌ದಷ್ಟೇ. ಮೆಗ್ವಿನ್ ನೆನಪಲ್ಲಿ ಉಳಿದದ್ದು ಬಣ್ಣ ಅಲ್ಲ, ಹ್ಯಾರಿಸನ್ ಕ್ರಾಪೂ ಅಲ್ಲ, ಒಂದು ಬಿಡಿಭಾಗದ ಜೋಡಣೆ. ಅದಕ್ಕೇ ಆ ನೆನಪಿಗೆ ಬೆಲೆ.

ಬಣ್ಣ ನೆನಪಿಗೆ ಬರೋ ಹಾಗೂ ಇರಲಿಲ್ಲ ಅನ್ನಿ, ಆ ಸಿನಿಮಾ ಕಪ್ಪು ಬಿಳುಪು. ಹ್ಯಾರಿಸನ್ ಅವರ ಆ ಗಿಟಾರ್, 360/12 ಮಾದರಿ, ಕೆಂಪು ಅಂಚಿನಿಂದ ಹಳದಿಗೆ ಇಳಿಯೋ ‘ಫೈರ್‌ಗ್ಲೋ’ ಬಣ್ಣದ್ದು. ಆ ಕೆಂಪು ಕಣ್ಣಿಗೆ ಕಟ್ಟಿದ ಹಾಗಿದೆ ಅನ್ನೋರಿಗೆ ಅದು ಸಿಕ್ಕಿದ್ದು ಆಮೇಲೆ ಬಂದ ಫೋಟೋಗಳಿಂದ.

ಆ ಹನ್ನೆರಡು ತಂತಿಯದನ್ನ ಮೊದಲು ನೋಡಿದ್ದು ಟಿವಿಯಲ್ಲಿ ಅನ್ನೋ ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡ್ತೀನಿ. ರಿಕನ್‌ಬ್ಯಾಕರ್ ಮಾಲೀಕ ಫ್ರಾನ್ಸಿಸ್ ಹಾಲ್ ನ್ಯೂಯಾರ್ಕಿನಲ್ಲಿ ಬೀಟಲ್ಸ್‌ಗೆ ಗಿಟಾರ್‌ಗಳನ್ನ ತೋರಿಸಿದ್ದು 1964ರ ಫೆಬ್ರವರಿ 8ಕ್ಕೆ, ಸವಾಯ್ ಹಿಲ್ಟನ್ ಹೋಟೆಲ್‌ನಲ್ಲಿ. ಹ್ಯಾರಿಸನ್ ಜ್ವರ ಬಂದು ಪ್ಲಾಜಾ ಹೋಟೆಲ್‌ನಲ್ಲಿ ಮಲಗಿದ್ರು, ಹನ್ನೆರಡು ತಂತಿಯದು ಅಲ್ಲಿಗೇ ಹೋಯ್ತು. ಮಾರನೇ ದಿನ, 9ನೇ ತಾರೀಖು, ಎಡ್ ಸಲಿವನ್ ಟಿವಿ ಕಾರ್ಯಕ್ರಮ. ನೋಡಿದವರು ಸುಮಾರು 7.3 ಕೋಟಿ ಜನ. ಅಮೆರಿಕದ ಒಂದು ತಲೆಮಾರಿನ ಗಿಟಾರ್ ವಾದಕರು ಹುಟ್ಟಿದ್ದು ಆ ರಾತ್ರಿ ಅನ್ನೋ ಮಾತಿದೆ, ರಾಕ್ ಗಾಯಕ ಟಾಮ್ ಪೆಟ್ಟಿ ಕೂಡ ಆ ಸಾಲಿನವರೇ. ಆದರೆ ಆ ರಾತ್ರಿ ಹ್ಯಾರಿಸನ್ ಹಿಡಿದಿದ್ದು ಬೇರೆ ಕಂಪನಿಯ ಗಿಟಾರ್, ಗ್ರೆಟ್ಷ್. ಪರದೆ ಮೇಲೆ ಕಂಡ ರಿಕನ್‌ಬ್ಯಾಕರ್ ಜಾನ್ ಲೆನನ್ ಅವರದು, ಪುಟ್ಟ 325 ಮಾದರಿ. ಮೈಮೇಲಿನ ಕುದುರೆಯಿಂದ (ಬ್ರಿಡ್ಜ್) ಕುತ್ತಿಗೆ ತುದಿಯಲ್ಲಿ ತಂತಿ ಕೂರೋ ಪಟ್ಟಿಯಾದ ನಟ್‌ವರೆಗೆ ಅದರ ತಂತಿಯ ಉದ್ದ ಬರೀ ಇಪ್ಪತ್ತು ಮುಕ್ಕಾಲು ಇಂಚು. 360 ಮಾದರಿಯದು ಇಪ್ಪತ್ತನಾಲ್ಕು ಮುಕ್ಕಾಲು. ಲೆನನ್ ಅದನ್ನ 1960ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡಾಗ ಮರದ ಸಹಜ ಬಣ್ಣದಲ್ಲಿತ್ತು, ಕಪ್ಪು ಬಳಿಸಿದ್ದು 1962ರಲ್ಲಿ. ಅವರು ಆ ಕಂಪನಿ ಮೇಲೆ ಕಣ್ಣು ಹಾಕೋಕೂ ಒಂದು ನೋಟವೇ ಕಾರಣ ಅಂತಾರೆ: ಜಾರ್ಜ್ ಶಿಯರಿಂಗ್ ಅವರ ಜಾಝ್ ತಂಡದಲ್ಲಿ ಬೆಲ್ಜಿಯಂನ ಟೂಟ್ಸ್ ಟೀಲ್‌ಮನ್ಸ್ ರಿಕನ್‌ಬ್ಯಾಕರ್ ನುಡಿಸ್ತಿದ್ರು. ಜಾಝ್‌ಗೂ ಲೆನನ್‌ಗೂ ಎಲ್ಲಿಂದೆಲ್ಲಿಗೆ, ಹೇಳಿ!

ಈಗ ಕಿವಿ ಹೇಗೆ ಮೋಸ ಹೋಯ್ತು ಅನ್ನೋದಕ್ಕೆ ಬರ್ತೀನಿ. ಅದೇ ಸಿನಿಮಾದ ಶೀರ್ಷಿಕೆ ಹಾಡು, 1964ರ ಏಪ್ರಿಲ್ 16ರಂದು ರೆಕಾರ್ಡ್ ಆದದ್ದು, ಶುರುವಾಗೋದು ಒಂದೇ ಒಂದು ಕಾರ್ಡ್‌ನಿಂದ. ಅದೇ ರಿಕನ್‌ಬ್ಯಾಕರ್ ನಾದ ಅಂತ ಲೋಕವೆಲ್ಲ ನಂಬಿದೆ. ಆ ಕಾರ್ಡ್‌ನಲ್ಲಿ ಹ್ಯಾರಿಸನ್ ಹನ್ನೆರಡು ತಂತಿ ಇದೆ, ಸರಿ. ಅದರ ಜತೆ ಲೆನನ್ ಗಿಟಾರ್ ಇದೆ, ಮೆಕಾರ್ಟ್ನಿ ಬೇಸ್ ಇದೆ, ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಪಿಯಾನೋ ಕೂಡ ಇದೆ. ಒಂದೇ ಗಿಟಾರ್‌ನಲ್ಲಿ ಅದನ್ನ ಹುಡುಕ್ತಾ ಕೂತವರಿಗೆ ಬೆರಳು ನೋವು ಬಿಟ್ಟು ಬೇರೇನೂ ಸಿಗಲ್ಲ.

ಹಾಗಂತ ಗಿಟಾರ್‌ನದ್ದು ಏನೂ ಇಲ್ಲ ಅಂತಲ್ಲ. ಕ್ಯಾಮೆರಾಗೆ ಕಾಣದ ಒಂದು ವಿಷಯ ತಂತಿಗಳ ಕ್ರಮ. ಹನ್ನೆರಡು ತಂತಿ ಅಂದ್ರೆ ಆರು ಜೋಡಿ. ಸಣ್ಣ ಎರಡು ಜೋಡಿ, ಇ ಮತ್ತು ಬಿ, ಒಂದೇ ಶ್ರುತಿ. ಉಳಿದ ನಾಲ್ಕು ಜೋಡಿಯಲ್ಲಿ ಒಂದು ದಪ್ಪ ತಂತಿ, ಇನ್ನೊಂದು ಅದಕ್ಕಿಂತ ಒಂದು ಸ್ಥಾಯಿ ಮೇಲಿನ ತೆಳು ತಂತಿ. ಮಾಮೂಲಿ ಹನ್ನೆರಡು ತಂತಿಯಲ್ಲಿ ಮೇಲಿಂದ ಕೆಳಗೆ ಬಾರಿಸಿದ್ರೆ ಪಿಕ್‌ಗೆ (ತಂತಿ ಮೀಟೋ ಬಿಲ್ಲೆ) ಮೊದಲು ಸಿಗೋದು ತೆಳು ತಂತಿ. ರಿಕನ್‌ಬ್ಯಾಕರ್‌ನಲ್ಲಿ ಉಲ್ಟಾ: ಮೊದಲು ದಪ್ಪದ್ದು, ಅದರ ಬೆನ್ನಿಗೆ ತೆಳುವಿನದು. ಸ್ವರದ ಬುಡ ಗಟ್ಟಿಯಾಗಿ ಬಂದು, ಅದರ ಮೇಲೆ ಗೆಜ್ಜೆಯಂಥ ಝಣಝಣ ಕೂರುತ್ತೆ. ಬೇರೆ ಕಂಪನಿಯ ಗಿಟಾರ್‌ನಲ್ಲಿ ಬರೀ ತಂತಿ ಅದಲು ಬದಲು ಮಾಡಿ ಇದನ್ನ ತರ್ತೀನಿ ಅಂತ ಹೊರಡಬೇಡಿ. ನಟ್‌ನ ಕಚ್ಚುಗಳು ತಂತಿಯ ದಪ್ಪಕ್ಕೆ ತಕ್ಕ ಹಾಗೆ ಕೊರೆದಿರುತ್ವೆ. ದಪ್ಪ ತಂತಿ ತೆಳು ಕಚ್ಚಿನಲ್ಲಿ ಕೂರಲ್ಲ, ತೆಳು ತಂತಿ ದಪ್ಪ ಕಚ್ಚಿನಲ್ಲಿ ಗರಗರ ಅನ್ನುತ್ತೆ. ನಟ್ ಬದಲಾಯಿಸಲೇಬೇಕು.

ಶ್ರುತಿ ಮಾಡೋ ರೀತಿ ಹೀಗೆ. ಮೊದಲು ದಪ್ಪ ತಂತಿಗಳು ಆರನ್ನೂ ಮುಗಿಸಿ. ಆಮೇಲೆ ಒಂದೊಂದೇ ಜೋಡಿ ತಂತಿ, ಜತೆಗಾರನನ್ನ ಬೆರಳಲ್ಲಿ ಒತ್ತಿ ಸುಮ್ಮನಿರಿಸಿ. ಎರಡೂ ಒಟ್ಟಿಗೆ ನುಡಿದ್ರೆ ಟ್ಯೂನರ್ ಮುಳ್ಳು ಯಾವುದನ್ನ ತೋರಿಸ್ತಿದೆ ಅಂತ ಅದಕ್ಕೇ ಗೊತ್ತಾಗಲ್ಲ. ಪಟ್ ಅಂತ ಹರಿಯೋದು ಯಾವಾಗಲೂ ಮೂರನೇ ಜೋಡಿಯ ತೆಳು ಜಿ. ಕಾರಣ ಸರಳ: ಅದರ ಶ್ರುತಿ 392 ಹರ್ಟ್ಜ್, ಮೊದಲ ತಂತಿ ಇ ಬರೀ 330. ಇಡೀ ಗಿಟಾರ್‌ನಲ್ಲಿ ಅತಿ ಎತ್ತರದ ಸ್ವರ ಅದೇ. ಆ ಒಂದು ತಂತಿ ಬಿಡಿಯಾಗಿ ನಾಲ್ಕೈದು ಇಟ್ಕೊಂಡಿರಿ.

ಕುದುರೆ ವಿಷಯಕ್ಕೆ ಜಗಳಗಳೇ ಆಗ್ತವೆ. ಸಾಮಾನ್ಯವಾಗಿ ಬರೋ ಬ್ರಿಡ್ಜ್‌ನಲ್ಲಿ ಹನ್ನೆರಡು ತಂತಿಗೆ ಆರೇ ಸ್ಯಾಡಲ್ (ತಂತಿ ಕೂರೋ ತುಂಡು). ದಪ್ಪ ತಂತಿಗೆ ಬೇಕಾದ ಉದ್ದವೇ ಬೇರೆ, ತೆಳುವಿಗೆ ಬೇಕಾದ್ದೇ ಬೇರೆ. ದಪ್ಪದ್ದಕ್ಕೆ ಸರಿ ಮಾಡಿ, ತೆಳುವಿನದನ್ನ ಅದರ ಪಾಡಿಗೆ ಬಿಡಿ. ಆ ಕೂದಲೆಳೆಯ ವ್ಯತ್ಯಾಸವೂ ಝಣಝಣದ ಒಂದು ಪಾಲು. ಹನ್ನೆರಡು ಸ್ಯಾಡಲ್‌ನ ಬ್ರಿಡ್ಜ್ ಬೇರೆ ಸಿಗುತ್ತೆ. ಹನ್ನೆರಡನೇ ಫ್ರೆಟ್‌ನಿಂದ (ಕುತ್ತಿಗೆಯ ಮೆಟ್ಟಿಲು) ಮೇಲೆ ಹೆಚ್ಚು ಓಡಾಡೋರಿಗೆ ಮಾತ್ರ ಅದು ಬೇಕು.

ಈಗ ಮೆಗ್ವಿನ್ ಸಿನಿಮಾದಲ್ಲಿ ನೋಡದೇ ಇದ್ದ ಭಾಗ. 1965ರ ಜನವರಿ 20, ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೋ, ಬರ್ಡ್ಸ್ ತಂಡದ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಹಾಡಿನ ರೆಕಾರ್ಡಿಂಗ್. ವಾದ್ಯ ನುಡಿಸಿದವರಲ್ಲಿ ತಂಡದವರು ಮೆಗ್ವಿನ್ ಒಬ್ಬರೇ, ಉಳಿದವರೆಲ್ಲ ಸ್ಟುಡಿಯೋ ಕಲಾವಿದರು. ಎಂಜಿನಿಯರ್ ರೇ ಗೆರ್ಹಾರ್ಟ್ ರಾಕ್ ತಂಡದ ಅಬ್ಬರಕ್ಕೆ ತನ್ನ ಉಪಕರಣ ಹಾಳಾದೀತು ಅಂತ ಎಲ್ಲದಕ್ಕೂ ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸೋ ಉಪಕರಣ) ಹಾಕ್ತಿದ್ರಂತೆ. ಆ ಹೆದರಿಕೆಗೆ ನಾವು ಕೈ ಮುಗೀಬೇಕು. ಎಲೆಕ್ಟ್ರಿಕ್ ಹನ್ನೆರಡು ತಂತಿಯ ದೊಡ್ಡ ಕೊರತೆ ಅಂದ್ರೆ ನಾದ ನಿಲ್ಲಲ್ಲ. ಬಾರಿಸಿದ ತಕ್ಷಣ ಟಕ್ ಅಂತ ಎದ್ದು, ಅಷ್ಟೇ ಬೇಗ ಕುಸಿಯುತ್ತೆ. ಕಂಪ್ರೆಸರ್ ಆ ಏಳುವಿಕೆಯನ್ನ ತುಳಿದು, ಹಿಂದೆ ಉಳಿದ ಬಾಲವನ್ನ ಎತ್ತಿ ಹಿಡಿಯುತ್ತೆ. ಆಗ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಹರೀತವೆ. ಗಿಟಾರ್‌ನ ಆಂಪ್‌ಗೆ ಹಾಕದೆ ನೇರವಾಗಿ ರೆಕಾರ್ಡಿಂಗ್ ಕನ್ಸೋಲ್‌ಗೇ ಕೊಟ್ಟಿದ್ದು ಇನ್ನೊಂದು ಕಾರಣ. 1988ರಲ್ಲಿ ಕಂಪನಿ ಮೆಗ್ವಿನ್ ಹೆಸರಲ್ಲಿ 370/12 ಮಾದರಿ ತಂದಾಗ ಕಂಪ್ರೆಸರನ್ನ ಗಿಟಾರ್ ಹೊಟ್ಟೆಯೊಳಗೇ ಕೂರಿಸಿದ್ದು ಸುಮ್ಮನೆ ಅಲ್ಲ.

ಮೆಗ್ವಿನ್ ಅವರ ಬಲಗೈಯೂ ಮುಖ್ಯ. ಹೆಬ್ಬೆರಳು ತೋರುಬೆರಳಿನ ನಡುವೆ ಮಾಮೂಲಿ ಪಿಕ್. ಮಧ್ಯದ ಬೆರಳಿಗೆ, ಉಂಗುರದ ಬೆರಳಿಗೆ ಬ್ಯಾಂಜೋದವರು ಹಾಕೋ ಲೋಹದ ಪಿಕ್. ಆ ಉರುಳುವ ಸ್ವರಗಳು ಬ್ಯಾಂಜೋದಿಂದ ಬಂದದ್ದು, ಯಾವ ಸಿನಿಮಾದಿಂದಲೂ ಅಲ್ಲ.

ಮನೆಯಲ್ಲಿ ಮಾಡೋದಾದ್ರೆ: ಬ್ರಿಡ್ಜ್ ಕಡೆ ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ), ಆಂಪ್‌ನ ಕ್ಲೀನ್ ಚಾನೆಲ್ ಅಥವಾ ನೇರ ಕಂಪ್ಯೂಟರ್ ಇಂಟರ್‌ಫೇಸ್, ಕಂಪ್ರೆಸರ್ 4:1ರಿಂದ ಶುರು ಮಾಡಿ, ಮೀಟರ್ ಮುಳ್ಳು 6ರಿಂದ 10 ಡೆಸಿಬೆಲ್ ಹಿಂದಕ್ಕೆ ಬೀಳೋ ತನಕ ಒತ್ತಿ. ಸಾಲದಿದ್ರೆ ಒಂದರ ಹಿಂದೆ ಇನ್ನೊಂದು ಕಂಪ್ರೆಸರ್. ಗುಂಯ್‌ಗುಡೋ ಸದ್ದು ಮೇಲೆದ್ದು ಬಂದರೆ ಕಂಪ್ರೆಸರ್‌ನ ಬೈಬೇಡಿ. ಸಿಂಗಲ್ ಕಾಯಿಲ್ ಪಿಕಪ್‌ಗಳ ಹಮ್ ಅದು, ಅದನ್ನೂ ಕಂಪ್ರೆಸರ್ ಎತ್ತುತ್ತೆ. ಟ್ಯೂಬ್‌ಲೈಟ್, ಚಾರ್ಜರ್ ಆರಿಸಿ, ಕೂತ ಕೋನ ಬದಲಾಯಿಸಿ ನೋಡಿ.

ಬೇಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ‘ಯೆಸ್’ ತಂಡದ ಕ್ರಿಸ್ ಸ್ಕ್ವೈರ್ 1965ರಲ್ಲಿ ಲಂಡನ್‌ನ ವಾದ್ಯದಂಗಡಿಯಲ್ಲಿ ಕೆಲಸ ಮಾಡ್ತಿದ್ದಾಗ ರಿಕನ್‌ಬ್ಯಾಕರ್ ಬೇಸ್ ಕೊಂಡ್ರು. ಅವರನ್ನ ಕಂಡು ಕಂಪನಿಯ 4001 ಮಾದರಿ ಬೇಸ್ ಕೊಂಡವರಲ್ಲಿ ‘ರಷ್’ನ ಗೆಡ್ಡಿ ಲೀ ಒಬ್ಬರು. ಅಲ್ಲೂ ಅದೇ ಕಥೆ: ಜನ ಬೇಸ್ ನೋಡಿದ್ರು, ಸ್ಕ್ವೈರ್ ಪಿಕ್‌ನ ಹಿಂದೆಯೇ ಹೆಬ್ಬೆರಳನ್ನ ತಂತಿಗೆ ತಾಗಿಸೋದನ್ನ ನೋಡಲಿಲ್ಲ. ಇನ್ನು ‘ಹೂ’ ತಂಡದ ಪೀಟ್ ಟೌನ್‌ಶೆಂಡ್. 1964ರಲ್ಲಿ ಲಂಡನ್ ಪಕ್ಕದ ಹ್ಯಾರೋದ ರೈಲ್ವೇ ಹೋಟೆಲ್‌ನಲ್ಲಿ ತಗ್ಗು ಛಾವಣಿಗೆ ಬಡಿದು ಅವರ ರಿಕನ್‌ಬ್ಯಾಕರ್ ತಲೆ ಮುರೀತು, ಉಳಿದದ್ದನ್ನ ಅವರೇ ಪುಡಿ ಮಾಡಿದ್ರು. ಅವತ್ತು ಅಲ್ಲಿದ್ದ ಕೆಲವರಿಗಾದ್ರೂ ಈ ಬ್ರ್ಯಾಂಡ್‌ನ ಮೊದಲ ನೆನಪು ಒಡೆದ ಕಟ್ಟಿಗೆ!

ಹಳೇದು ಕೊಳ್ಳೋರು ಒಂದು ಕಡೆ ಹುಷಾರಾಗಿರಿ. ಹೆಸರು ಬರೆದ ಫಲಕ ಬಿಚ್ಚಿದ್ರೆ ಒಳಗೆ ಒಂದಲ್ಲ, ಎರಡು ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸರಳು) ತುದಿ ಕಾಣುತ್ತೆ, ಅವಕ್ಕೆ ಬಿಗಿಯೋ ಕಾಲಿಂಚಿನ ನಟ್. 1980ರ ದಶಕದ ನಡುವಿನವರೆಗೆ ಬಂದ ಗಿಟಾರ್‌ಗಳಲ್ಲಿ ಆ ರಾಡ್ ಕುತ್ತಿಗೆಯನ್ನ ಬಗ್ಗಿಸೋಕೆ ಇರೋದಲ್ಲ, ಬಗ್ಗಿಸಿದ ಜಾಗದಲ್ಲಿ ಹಿಡಿದಿಡೋಕೆ ಇರೋದು. ತಂತಿ ಸಡಿಲಿಸಿ, ಎರಡೂ ನಟ್ ಸಡಿಲಿಸಿ, ಕುತ್ತಿಗೆಯನ್ನ ಕೈಯಿಂದಲೇ ಬೇಕಾದಷ್ಟು ಒತ್ತಿ ಹಿಡಿದು, ಆಮೇಲೆ ನಟ್ ಬಿಗೀಬೇಕು. ಇಬ್ಬರಿದ್ದರೆ ಒಳ್ಳೇದು. ಬೇರೆ ಗಿಟಾರ್‌ನ ಹಾಗೆ ಬರೀ ನಟ್ ತಿರುಗಿಸುತ್ತಾ ಹೋದ್ರೆ ತುದಿಯಲ್ಲಿ ಫಿಂಗರ್‌ಬೋರ್ಡ್ ಎದ್ದು ಬರುತ್ತೆ. ಕೊಳ್ಳುವಾಗ ತಂತಿ ಕೂರೋ ನಟ್‌ನ ಪಕ್ಕ, ಮೊದಲ ಫ್ರೆಟ್ ಕೆಳಗಿನ ಅಂಟಿನ ಗೆರೆ ಮೇಲೆ ಉಗುರು ಓಡಿಸಿ ನೋಡಿ. ಬಿರುಕು ಸಿಕ್ಕಿದ್ರೆ ಯಾರೋ ಆ ತಪ್ಪು ಮಾಡಿದ್ದಾರೆ. ಹೊಸ ಮಾದರಿಗಳಲ್ಲಿ ಈ ಭಯ ಇಲ್ಲ, ಎಂಟನೇ ಒಂದು ಸುತ್ತಿನಂತೆ ತಿರುಗಿಸಿ, ಕಾದು ನೋಡಿದ್ರೆ ಸಾಕು. ಮಂಗಳೂರು, ಉಡುಪಿ ಕಡೆಯವರಿಗೆ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಈ ಕೆಲಸ ಇದ್ದದ್ದೇ.

ತಂತಿ ಬದಲಾಯಿಸುವಾಗ ಹನ್ನೆರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಇಂಗ್ಲಿಷಿನ ಆರ್ ಅಕ್ಷರದ ಆಕಾರದ ಟೇಲ್‌ಪೀಸ್‌ನಲ್ಲಿ ತಂತಿಯ ಗುಂಡು ತುದಿಗಳು ಬಿಗಿ ಇಲ್ಲದಿದ್ರೆ ಜಾರಿ ಬೀಳ್ತವೆ. ಒಂದನ್ನ ಸಿಕ್ಕಿಸೋ ಹೊತ್ತಿಗೆ ಇನ್ನೊಂದು ಹೊರಗೆ. ಒಂದೊಂದಾಗಿ ಬದಲಾಯಿಸಿ.

ಕೊನೆಗೆ, ಅಂಗಡಿಯಲ್ಲಿ 360 ಕೈಗೆ ತಗೊಂಡಾಗ ಒಂದು ಪಿಕಪ್ ಸತ್ತಿದೆ ಅನ್ನಿಸಿದ್ರೆ ತಕ್ಷಣ ಚೌಕಾಸಿಗೆ ಇಳೀಬೇಡಿ. ಅದರ ಬದಿಯಲ್ಲಿ ಎರಡು ಜ್ಯಾಕ್ ಇರುತ್ತೆ. ‘ರಿಕ್-ಓ-ಸೌಂಡ್’ ಅನ್ನೋದು ಎರಡು ಪಿಕಪ್‌ನ ಎರಡು ದಾರಿಯಲ್ಲಿ ಕಳಿಸೋ ಸ್ಟೀರಿಯೋ ಜ್ಯಾಕ್. ಅದಕ್ಕೆ ಮಾಮೂಲಿ ಮೊನೊ ಕೇಬಲ್ ಚುಚ್ಚಿದ್ರೆ ಒಂದೇ ಪಿಕಪ್ ಕೇಳುತ್ತೆ. ಪಕ್ಕದ ಜ್ಯಾಕ್‌ಗೆ ಹಾಕಿ. ಆಗಲೂ ಕುತ್ತಿಗೆ ಕಡೆ ಪಿಕಪ್ ಕ್ಷೀಣ ಅನ್ನಿಸಿದ್ರೆ, ನಾಲ್ಕು ದೊಡ್ಡ ಗುಂಡಿಗಳ ಹತ್ತಿರ ಇರೋ ಐದನೇ ಪುಟ್ಟ ಗುಂಡಿ ತಿರುಗಿಸಿ ನೋಡಿ. ಎರಡು ಪಿಕಪ್‌ಗಳ ಮಿಶ್ರಣ ಹೊಂದಿಸೋದು ಅದು. ಅಷ್ಟಾದರೂ ಸದ್ದಿಲ್ಲ ಅಂದ್ರೆ ಚೌಕಾಸಿ ಶುರು ಮಾಡಿ.