ವಿಜಯಪುರಕ್ಕೂ ಸಮುದ್ರ ಇತ್ತು ರೀ!

ನಮಸ್ಕಾರ್ರೀ, ಎಲ್ಲರೂ ಆರಾಮ ಇದ್ದೀರಲ್ಲ? ಇವತ್ತು ಬೇರೆ ವಿಷಯ ಇತ್ತು. ಆದರೆ ಸಮುದ್ರದ ದಂಡೆಯಲ್ಲಿ ಸಿಗೋ ಸವೆದ ಗಾಜಿನ ಚೂರು ಆರಿಸೋದರ ಬಗ್ಗೆ ಮಾಡಿದ್ದ ಹೋದ ವಿಡಿಯೊ ಕೆಳಗೆ ಒಬ್ಬ ಅಣ್ಣ ಬರೆದಿದ್ದಾನೆ, "ಗೋಳಗುಮ್ಮಟದ ಊರಾಗ ಕುಂತು ಸಮುದ್ರದ ಗಾಜಿನ ಮಾತ್ಯಾಕೋ ತಮ್ಮ? ಮೊದಲ ನಿಮ್ಮನಿ ನಳದಾಗ ನೀರ ಬರ್ತಾವೇನ ನೋಡ." ಅದಕ್ಕೆ 63 ಲೈಕ್. ಅದರಲ್ಲಿ ಒಂದು ನಮ್ಮ ಕಾಕಾಂದು!

ನೋಡಣ್ಣ, ವಿಜಯಪುರಕ್ಕೆ ಸಮುದ್ರ ಇತ್ತು. 1510ರವರೆಗೆ ಗೋವಾ ನಮ್ಮ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಅರಬ್ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದು ಅಲ್ಲೇ. ಆ ವರ್ಷ ಪೋರ್ಚುಗೀಸರ ಅಲ್ಬುಕರ್ಕ್ ಬಂದು ಹಿಡಿದ, ಮಳೆಗಾಲ ಶುರುವಾಗೋ ಹೊತ್ತಿಗೆ ನಮ್ಮವರು ಓಡಿಸಿದರು, ನವೆಂಬರ್‌ನಲ್ಲಿ ಮತ್ತೆ ಬಂದವನು ಹೋಗಲೇ ಇಲ್ಲ. ಪಣಜಿಯಲ್ಲಿ ಮಾಂಡೋವಿ ದಂಡೆ ಮೇಲೆ ಇವತ್ತಿಗೂ ಆದಿಲ್‌ಶಾಹನ ಅರಮನೆ ಅಂತ ಒಂದು ಕಟ್ಟಡ ಇದೆ, ಹೋಗಿ ನೋಡಿ. ಅಂದಮೇಲೆ ಆ ದಂಡೆಯ ಗಾಜು ಆರಿಸೋಕೆ ನಾನು ಯಾರನ್ನ ಕೇಳಬೇಕು?

ಸಮುದ್ರದ ಗಾಜು ಅಂದರೇನು ಅಂತ ಹೊಸಬರಿಗೆ ಹೇಳ್ತೇನೆ. ಬಾಟ್ಲಿ ಒಡೆದು ಸಮುದ್ರಕ್ಕೆ ಬೀಳುತ್ತದೆ. ಅಲೆ, ಮರಳು, ಕಲ್ಲು ಸೇರಿ ಅದರ ಚೂಪು ಸವೆಸುತ್ತವೆ. ಗಾಜಿನೊಳಗಿನ ಸೋಡಾ, ಸುಣ್ಣ ನಿಧಾನಕ್ಕೆ ಉಪ್ಪುನೀರಿಗೆ ಬಿಟ್ಟುಕೊಂಡು ಮೈಯೆಲ್ಲ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಹತ್ತಾರು ವರ್ಷ ಆದಮೇಲೆ ನೋಡಿದರೆ ಚೀಪಿ ಉಗುಳಿದ ಕಲ್ಲುಸಕ್ಕರೆ ಇದ್ದಂಗೆ. ಕಾರವಾರದ ಕಡೆ ಎರಡು ದಿನ ಬಗ್ಗಿ ಬಗ್ಗಿ ನಡೆದು ನನಗೆ ಸಿಕ್ಕಿದ್ದು 11 ಚೂರು. ಅಪರೂಪದ ಕೆಂಪು ಒಂದೂ ಇಲ್ಲ, ಕೇಳಬೇಡಿ, ಹೊಟ್ಟೆ ಉರಿಯುತ್ತದೆ.

"ಅದೆಲ್ಲ ಕುಡುಕರ ಬಿಯರ್ ಬಾಟ್ಲಿ" ಅಂತ ಇನ್ನೊಬ್ಬ. ಹೌದಪ್ಪ, ಕಂದು ಚೂರು ಜಾಸ್ತಿ ಅದೇ. ಆದರೆ ಇಂಗ್ಲೆಂಡಿನ ಸೀಹ್ಯಾಮ್‌ನಲ್ಲಿ 1850ರ ದಶಕದಿಂದ 1921ರವರೆಗೆ ಒಂದು ಬಾಟ್ಲಿ ಕಾರ್ಖಾನೆ ಇತ್ತು, ಉಳಿದ ಗಾಜನ್ನ ಸೀದಾ ಸಮುದ್ರಕ್ಕೆ ಸುರಿಯುತ್ತಿದ್ದರು. ಆ ಕಸ ಹುಡುಕೋಕೆ ಈಗ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಅವರು ಆರಿಸಿದರೆ ಹವ್ಯಾಸ, ನಾನು ಆರಿಸಿದರೆ ಚಿಂದಿ! ನಾವು ಬಿಸಿಲಲ್ಲಿ ಟಪ್ ಅಂತ ಒತ್ತಿ ಕುಡಿಯೋ ಗೋಲಿ ಸೋಡಾ ಇದೆಯಲ್ಲ, ಆ ಥರದ ಬಾಟ್ಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ ಅನ್ನೋನು 1872ರಲ್ಲಿ ಪೇಟೆಂಟ್ ತಗೊಂಡ. ಅದರ ಗೋಲಿ ದಂಡೆಯಲ್ಲಿ ಸವೆದು ಸಿಕ್ಕರೆ ಅಲ್ಲಿಯವರು ಕುಣಿದಾಡ್ತಾರೆ. ನಾವು ಚಿಕ್ಕವರಿದ್ದಾಗ ಅದೇ ಗೋಲಿಗೆ ಬಾಟ್ಲಿ ಒಡೆದು ಅಂಗಡಿಯವನ ಕೈಲಿ ಒದೆ ತಿಂದಿದ್ದೇವೆ.

ಅಂದಂಗೆ ಸಬ್‌ಸ್ಕ್ರೈಬ್ ಮಾಡಿ. ಗಾಜಿನ ಚೂರಿನ ಕೀ ಚೈನ್ ಮಾಡಿದ್ದೇನೆ, 150 ರೂಪಾಯಿ, ಕಾಕಾಗೆ 300.

ಈಗ ಒಬ್ಬ ಜಾಣ ಕೇಳ್ತಾನೆ, "ಆದಿಲ್‌ಶಾಹಿ ಕಾಲದ ಗಾಜು ಒಂದಾದರೂ ಸಿಕ್ತಾ?" ಸಿಕ್ಕಿಲ್ಲ. ಸಿಕ್ಕಿದ್ದರೂ ಇವನಿಗೆ ಸುಲ್ತಾನನ ಸಹಿ ಇರೋ ರಸೀದಿ ಬೇಕಾಗ್ತಿತ್ತು. ಸಮುದ್ರ ಇತ್ತು ಅಂದರೆ ಇತ್ತು! ನಾಳೆ ಗುಮ್ಮಟದ ಮೇಲೆ ಹತ್ತಿ ಗೋಡೆಗೆ ಬಾಯಿಟ್ಟು ಹೇಳ್ತೇನೆ, ವಿಜಯಪುರಕ್ಕೆ ಸಮುದ್ರ ಇತ್ತು. ಆಮೇಲೆ ಅದೇ ಹೇಳಿಕೊಳ್ಳಲಿ, ಇತ್ತು, ಇತ್ತು, ಇತ್ತು. ನಿಮಗೆ ವಾದ ಮಾಡೋದಿದ್ದರೆ ಅದರ ಜೊತೆ ಮಾಡಿ.

ಇನ್ನೂ ನಾಲ್ಕು ಪಾಯಿಂಟ್ ಬರೆದಿಟ್ಟಿದ್ದೆ, ಆ ಚೀಟಿ ಎಲ್ಲಿ... ಅವ್ವ ಒದರ್ತಿದ್ದಾಳೆ ರೀ, ನಳ ಬಂತಂತೆ, ಕೊಡ ಹಚ್ಚಬೇಕು. ಇದನ್ನ ಮಾತ್ರ ಕಾಮೆಂಟಲ್ಲಿ ಬರೀಬೇಡ್ರಪ್ಪ.